ಭಾರತಿರಾಜರ ಗುರು ನಮ್ಮವರು



ರಾಜ್ಯೋತ್ಸವದ ಊಟದ ದಿನ ನಿಮ್ಮಲ್ಲೊಬ್ಬ ನನ್ನನ್ನು ಕೇಳಿದ: "ಆಂಟಿ, ತಮಿಳಿನಲ್ಲಿ ಭಾರತಿರಾಜ ಇದ್ದ ಹಾಗೆ ಕನ್ನಡದಲ್ಲಿ ಯಾರಿದ್ದಾರೆ?" ಬಡಿಸುವ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ, ಕೇಳಿ. ಭಾರತಿರಾಜ ಸಹಾಯಕರಾಗಿ ದುಡಿದು ಕೆಲಸ ಕಲಿತದ್ದೇ ನಮ್ಮ ಪುಟ್ಟಣ್ಣ ಕಣಗಾಲ್ ಅವರ ಕೈಕೆಳಗೆ!

ಪುಟ್ಟಣ್ಣ 1933ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಹುಟ್ಟಿದರು. ಸಿನಿಮಾದ ಪಾಠ ಕಲಿತದ್ದು ಬಿ.ಆರ್. ಪಂತುಲು ಅವರ ಬಳಿ. ಶಿವಾಜಿ ಗಣೇಶನ್ ಅವರ 'ವೀರಪಾಂಡಿಯ ಕಟ್ಟಬೊಮ್ಮನ್' (1959), 'ಕರ್ಣನ್' (1964) ಚಿತ್ರಗಳನ್ನು ನಿರ್ದೇಶಿಸಿದ ಪಂತುಲು ಅವರೇ ನಮಗೆ 'ಸ್ಕೂಲ್ ಮಾಸ್ಟರ್' (1958), 'ಕಿತ್ತೂರು ಚೆನ್ನಮ್ಮ' (1961) ಕೊಟ್ಟವರು. ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ಇದೇ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಹಾಗಾಗಿ ನಾವು ಇಲ್ಲಿ ಹೊರಗಿನವರೆಂದು ಸಂಕೋಚಪಡಬೇಕಾದ್ದಿಲ್ಲ.

ಪುಟ್ಟಣ್ಣ ಕಥೆಗಾಗಿ ನಮ್ಮ ಕಾದಂಬರಿಗಳತ್ತ ತಿರುಗಿದರು. 'ಬೆಳ್ಳಿಮೋಡ' (1967) ತ್ರಿವೇಣಿಯವರದು, 'ಗೆಜ್ಜೆಪೂಜೆ' (1969) ಎಂ.ಕೆ. ಇಂದಿರಾ ಅವರದು. ತ.ರಾ.ಸು. ಅವರ ಕಾದಂಬರಿಗಳಿಂದ ಮಾಡಿದ 'ನಾಗರಹಾವು' (1972) ಚಿತ್ರಕ್ಕಾಗಿ ಕ್ಯಾಮೆರಾವನ್ನು ಚಿತ್ರದುರ್ಗದ ಕೋಟೆಗೇ ಒಯ್ದರು. ಐದು ವರ್ಷಗಳ ನಂತರ ಶಿಷ್ಯ ಭಾರತಿರಾಜ 'ಪದಿನಾರು ವಯದಿನಿಲೆ' (1977) ಚಿತ್ರದಲ್ಲಿ ಸ್ಟುಡಿಯೋ ಬಿಟ್ಟು ಹಳ್ಳಿಗೆ ಹೋದರು. ಅದೂ ಒಬ್ಬ ಹೆಣ್ಣುಮಗಳ ಕಥೆಯೇ. ಅದರಲ್ಲಿದ್ದ ರಜನಿಕಾಂತ್ ಅದಕ್ಕೂ ಮೊದಲು ಪುಟ್ಟಣ್ಣನವರ 'ಕಥಾಸಂಗಮ'ದಲ್ಲಿ (1976) ನಟಿಸಿದ್ದರು. ನಮ್ಮ ಪೆರಂಬೂರಿನ ಬೃಂದಾ ಟಾಕೀಸನ್ನು 1985ರಲ್ಲಿ ಉದ್ಘಾಟಿಸಿದವರೂ ಈ ರಜನಿಯೇ. ಆ ವರ್ಷವೇ ಜೂನ್ 5ರಂದು ಪುಟ್ಟಣ್ಣ ತೀರಿಕೊಂಡರು. ಕರ್ನಾಟಕ ಸರ್ಕಾರ ಅವರ ಹೆಸರಿನಲ್ಲಿ ನಿರ್ದೇಶಕರಿಗೆ ಪ್ರಶಸ್ತಿ ಕೊಡುತ್ತಿದೆ.

ಇಷ್ಟು ಹೇಳಿದ್ದು ಬರೀ ಹೆಮ್ಮೆಪಡಲೆಂದಲ್ಲ. ನೀವು ಅವರ 'ಶರಪಂಜರ' (1971) ನೋಡಬೇಕು. ಇದೂ ತ್ರಿವೇಣಿಯವರ ಕಾದಂಬರಿಯೇ. ಬಾಣಂತನದಲ್ಲಿ ಮನಸ್ಸಿನ ಕಾಯಿಲೆಗೆ ತುತ್ತಾದ ಕಾವೇರಿ (ಕಲ್ಪನಾ) ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಗಿದೆ, ಆದರೆ 'ಹುಚ್ಚಿ' ಎಂಬ ಹಣೆಪಟ್ಟಿ ಹೋಗಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟು ಮಾಡಿಕೊಂಡರೂ ಅನುಮಾನ. ಗಂಡನ ಮನಸ್ಸೂ ದೂರವಾಗಿದೆ. ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ಕಳಿಸುವುದು ಕಾಯಿಲೆಯಲ್ಲ, ಸುತ್ತಲಿನವರು.

ಇಂಥ ಮಾತನ್ನು ನಮ್ಮ ಮನೆಗಳಲ್ಲಿ ಇಂದಿಗೂ ಬಾಗಿಲು ಹಾಕಿಕೊಂಡೇ ಆಡುತ್ತೇವೆ. ಡಿಪ್ರೆಶನ್ ಎಂದು ನೀವು ಧೈರ್ಯವಾಗಿ ಹೇಳುತ್ತೀರಿ, ನಮಗೆ ಇನ್ನೂ ನಾಲಿಗೆ ತಡವರಿಸುತ್ತದೆ. ಐವತ್ತು ವರ್ಷಗಳ ಹಿಂದೆಯೇ ಪುಟ್ಟಣ್ಣ ಅದನ್ನು ತುಂಬಿದ ಚಿತ್ರಮಂದಿರದಲ್ಲಿ ಹೇಳಿದರು.

ಈ ಭಾನುವಾರ ಅಮ್ಮನನ್ನು ಜೊತೆಗೆ ಕೂರಿಸಿಕೊಂಡು ಈ ಚಿತ್ರ ನೋಡಿ. ಅರ್ಥವಾಗದ ಮಾತನ್ನು ಅವರಲ್ಲೇ ಕೇಳಿ. ಮುಗಿದ ಕೂಡಲೇ ಎದ್ದು ಹೋಗಬೇಡಿ. ಅಮ್ಮ ಏನಾದರೂ ಹೇಳಬಹುದು, ಸ್ವಲ್ಪ ಹೊತ್ತು ಕಾಯಿರಿ.