ಮಗಳ ಸೈಕಲ್ಲಿಗೆ ಹಾಕುವ ದುಡ್ಡು ದಂಡವೇ?

ಹೆಣ್ಣುಮಗಳಿಗೆ ಸೈಕಲ್ ಕೊಡಿಸುವುದಕ್ಕೆ ಈಗ ಯಾರದೂ ತಕರಾರಿಲ್ಲ. ಸ್ಕೂಲಿಗೆ ಹೋಗಿ ಬರಲಿ, ಟ್ಯೂಷನ್ನಿಗೆ ಹೋಗಿ ಬರಲಿ, ಬರುವಾಗ ಅರ್ಧ ಲೀಟರ್ ಹಾಲು ತರಲಿ. ಆದರೆ ಅದೇ ಮಗಳು 'ಅಮ್ಮಾ, ನಾನು ಸೈಕಲ್ ರೇಸಿಗೆ ಸೇರ್ತೀನಿ, ಅದನ್ನೇ ಕೆಲಸ ಮಾಡ್ಕೋತೀನಿ' ಅಂದುಬಿಟ್ಟರೆ? ಮನೆಯಲ್ಲಿ ಒಂದು ಕ್ಷಣ ಮಾತೇ ನಿಂತುಹೋಗುತ್ತೆ. ಆಮೇಲೆ ಮೂರು ಪ್ರಶ್ನೆ ಏಳುತ್ತವೆ. ದುಡ್ಡು ಎಲ್ಲಿಂದ ತರೋದು? ಬಿದ್ದು ಕೈಕಾಲು ಮುರ್ಕೊಂಡ್ರೆ? ನಾಳೆ ಮದುವೆ ಹೇಗೆ?

ಮೂರನೆಯದಕ್ಕೆ ಇಲ್ಲಿ ಜಾಗ ಕೊಡುವುದಿಲ್ಲ. ಮಗನಿಗೆ ಕೇಳದ ಪ್ರಶ್ನೆಯನ್ನು ಮಗಳಿಗೂ ಕೇಳಬೇಡಿ, ಅಷ್ಟೇ. ಮೊದಲೆರಡು ಮಾತ್ರ ನಿಜವಾದ ಪ್ರಶ್ನೆಗಳು. ಅವಕ್ಕೆ ಉತ್ತರ ಬೇಕಾದರೆ ಇಂಗ್ಲೆಂಡಿನ ಬೆತ್ ಶ್ರೀವರ್ ಎಂಬ ಹುಡುಗಿಯ ಕಥೆ ನೋಡಿ. ಈಕೆ ಬಿಎಂಎಕ್ಸ್ ರೇಸರ್.

ಬಿಎಂಎಕ್ಸ್ ಅಂದ್ರೆ ಏನು ಅಂತೀರಾ? 1970ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮಕ್ಕಳು ದೊಡ್ಡವರ ಮೋಟಾರ್ ಬೈಕ್ ರೇಸ್ ನೋಡಿ, ತಮ್ಮ ಪುಟ್ಟ ಸೈಕಲ್ಲಿನಲ್ಲೇ ಮಣ್ಣಿನ ದಿಬ್ಬ ಹಾರೋಕೆ ಶುರು ಮಾಡಿದರು. ಅದೇ ಬೆಳೆದು 2008ರ ಬೀಜಿಂಗ್ ಒಲಿಂಪಿಕ್ಸ್ ತನಕ ಬಂತು. ಸೈಕಲ್ ನೋಡಿದರೆ ನಗು ಬರುತ್ತೆ: 20 ಇಂಚಿನ ಚಕ್ರ, ಒಂದೇ ಗೇರು, ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಮಕ್ಕಳ ಸೈಕಲ್ ಇದ್ದಂಗೇ ಇರುತ್ತೆ! ಆದರೆ ಎಂಟು ಮಂದಿ ಎಂಟು ಮೀಟರ್ ಎತ್ತರದ ಇಳಿಜಾರಿನ ತುದಿಯಲ್ಲಿ ಭುಜಕ್ಕೆ ಭುಜ ತಾಗುವಂತೆ ನಿಂತಿರುತ್ತಾರೆ. ಗೇಟು ಬಿತ್ತು ಅಂದ್ರೆ ಗಂಟೆಗೆ 60 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಕೆಳಗಿಳಿದು, ದಿಬ್ಬಗಳ ಮೇಲೆ ಹಾರಿ, ತಿರುವುಗಳಲ್ಲಿ ಒಬ್ಬರನ್ನೊಬ್ಬರು ತಳ್ಳಿಕೊಂಡು ಸುಮಾರು 400 ಮೀಟರ್ ಓಡಬೇಕು. ಮುಕ್ಕಾಲು ನಿಮಿಷದೊಳಗೆ ಎಲ್ಲ ಮುಗಿಯುತ್ತೆ. ಒಗ್ಗರಣೆಗಿಟ್ಟ ಎಣ್ಣೆ ಕಾಯೋದಕ್ಕೂ ಅಷ್ಟು ಹೊತ್ತು ಸಾಲದು.

ಬೆತ್ ಹುಟ್ಟಿದ್ದು 1999ರಲ್ಲಿ. ಎಂಟೊಂಬತ್ತು ವರ್ಷಕ್ಕೇ ಎಸೆಕ್ಸ್ ಪ್ರಾಂತ್ಯದ ಬ್ರೇನ್‌ಟ್ರೀ ಊರಿನ ಕ್ಲಬ್ಬಿನಲ್ಲಿ ಸೈಕಲ್ ಏರಿದಳು. 2017ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. ಇಷ್ಟಾದ ಮೇಲೆ ದೇಶ ಈಕೆಯನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿತ್ತು ತಾನೆ? ಆಗಿದ್ದೇ ಬೇರೆ. 2016ರ ರಿಯೋ ಒಲಿಂಪಿಕ್ಸ್ ಮುಗಿದ ಮೇಲೆ ಅಲ್ಲಿನ ಆಟೋಟಗಳಿಗೆ ಹಣ ಹಂಚುವ ಯುಕೆ ಸ್ಪೋರ್ಟ್ ಸಂಸ್ಥೆ ಲೆಕ್ಕ ಹಾಕಿತು. ಟೋಕಿಯೋ ಒಲಿಂಪಿಕ್ಸ್ ತಯಾರಿಗೆ ಬಿಎಂಎಕ್ಸ್ ರೇಸಿಂಗಿನಲ್ಲಿ ಗಂಡಸರಿಗೆ ಮಾತ್ರ ದುಡ್ಡು, ಹೆಂಗಸರಿಗೆ ಇಲ್ಲ ಎಂದು ತೀರ್ಮಾನವಾಯ್ತು. ಪದಕ ಬರುವ ಸಾಧ್ಯತೆ ಎಲ್ಲಿದೆಯೋ ಅಲ್ಲಿಗೆ ಹಣ, ಇದು ಅವರ ಸೂತ್ರ.

ಈ ಸೂತ್ರ ನಮಗೆ ಹೊಸದೇನಲ್ಲ ಬಿಡಿ. ಮಗನ ಕೋಚಿಂಗ್ ಕ್ಲಾಸಿಗೆ ಸಾಲ ಮಾಡಿದರೆ ಅದು 'ಇನ್ವೆಸ್ಟ್‌ಮೆಂಟ್', ಮಗಳಿಗೆ ಖರ್ಚು ಮಾಡಿದರೆ 'ನಾಳೆ ಇನ್ನೊಬ್ಬರ ಮನೆಗೆ ಹೋಗೋಳು'. ಲಂಡನ್ನಿನ ಆಫೀಸಿನಲ್ಲಿ ಕೂತವರೂ ಅದನ್ನೇ ಸ್ವಲ್ಪ ನಾಜೂಕಾಗಿ ಹೇಳಿದರು ಅನ್ನಿಸುತ್ತೆ. ಹಾಲು ಕೊಡಲ್ಲ ಅಂತ ಹಸುವಿಗೆ ಮೇವು ಹಾಕದೆ, ಆಮೇಲೆ 'ನೋಡಿ, ನಾನು ಹೇಳಿರಲಿಲ್ವಾ, ಹಾಲೇ ಇಲ್ಲ' ಅನ್ನೋ ಥರ!

ಬೆತ್ ಏನು ಮಾಡಿದಳು? ಊರಿಗೆ ಬಂದು ಅಪ್ಪ ಅಮ್ಮನ ಜೊತೆ ಇದ್ದಳು. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್‌ಗೆ ಸಹಾಯಕಿಯಾಗಿ ಅರ್ಧ ದಿನದ ಕೆಲಸ ಹಿಡಿದಳು. ಉಳಿದ ಹೊತ್ತು ಪ್ರಾಕ್ಟೀಸು. ರೇಸುಗಳಿಗೆ ಹೋಗೋಕೆ ಅಪ್ಪ ಅಮ್ಮನೇ ಆಸರೆ. ಒಲಿಂಪಿಕ್ಸಿಗೆ ಅರ್ಹತೆ ಪಡೆಯಬೇಕಾದರೆ ದೇಶ ದೇಶ ಸುತ್ತಿ ರೇಸ್ ಮಾಡಬೇಕು, ಅದಕ್ಕೆ 50 ಸಾವಿರ ಪೌಂಡ್ ಬೇಕು. ಕೊನೆಗೆ ಜನರ ಮುಂದೆಯೇ ಕೈಚಾಚಿ ಚಂದಾ ಎತ್ತೋಕೆ ಹೊರಟಳು. 2019ರಲ್ಲಿ ಬ್ರಿಟಿಷ್ ಸೈಕ್ಲಿಂಗ್ ಸಂಸ್ಥೆ ಅವಳನ್ನು ಮತ್ತೆ ತನ್ನ ತಂಡಕ್ಕೆ ಸೇರಿಸಿಕೊಂಡಿತು.

2021ರ ಜುಲೈ 30, ಟೋಕಿಯೋ. ಎದುರಿಗಿದ್ದವಳು ಸಾಮಾನ್ಯಳಲ್ಲ, 2012 ಮತ್ತು 2016ರಲ್ಲಿ ಎರಡು ಸಲವೂ ಚಿನ್ನ ಗೆದ್ದಿದ್ದ ಕೊಲಂಬಿಯಾದ ಮರಿಯಾನಾ ಪಜೋನ್. ಬೆತ್ 44.358 ಸೆಕೆಂಡಿನಲ್ಲಿ ಗೆರೆ ದಾಟಿದಳು. ಪಜೋನ್ ಹಿಂದುಳಿದದ್ದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ಚಿನ್ನ! ಕಾಲು ಹಿಡಿದುಕೊಂಡು ನೆಲಕ್ಕೆ ಬಿದ್ದ ಬೆತ್‌ಳನ್ನು, ಕೆಲವೇ ನಿಮಿಷದ ಹಿಂದೆ ಗಂಡಸರ ರೇಸಿನಲ್ಲಿ ಬೆಳ್ಳಿ ಗೆದ್ದಿದ್ದ ಅವರದೇ ತಂಡದ ಕೈ ವೈಟ್ ಎತ್ತಿಕೊಂಡ. ಸೂತ್ರದ ಪ್ರಕಾರ ದುಡ್ಡು ಸಿಕ್ಕಿದವನಿಗೆ ಬೆಳ್ಳಿ, ಸಿಗದವಳಿಗೆ ಚಿನ್ನ. (ಅವನ ತಪ್ಪೇನೂ ಇಲ್ಲ, ಪಾಪ.)

ಇಲ್ಲಿಗೆ ಕಥೆ ನಿಲ್ಲಿಸಿ 'ಛಲ ಇದ್ದರೆ ಏನು ಬೇಕಾದರೂ ಸಾಧ್ಯ' ಅಂತ ಬರೆದುಬಿಡಬಹುದು. ಎಷ್ಟೋ ಕಡೆ ಹಾಗೇ ಬರೆದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಬೆತ್‌ಗೆ ಮನೆಯಿತ್ತು, ಊಟ ಹಾಕುವ ಅಮ್ಮ ಇದ್ದಳು, ರೇಸಿಗೆ ಕರ್ಕೊಂಡು ಹೋಗುವ ಅಪ್ಪ ಇದ್ದ. ಅಷ್ಟು ಇಲ್ಲದ ಹುಡುಗಿಯರು ಅದೇ ಹೊತ್ತಿಗೆ ಸೈಕಲ್ಲನ್ನು ಮೂಲೆಗೆ ನಿಲ್ಲಿಸಿರುತ್ತಾರೆ. ಅವರ ಹೆಸರು ಯಾವ ಪೇಪರಿನಲ್ಲೂ ಬರಲ್ಲ. ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಸರ್ಕಾರ, ಸಂಸ್ಥೆ, ಪ್ರಾಯೋಜಕರು ಎಲ್ಲರೂ ಬರುವುದು ಗೆದ್ದ ಮೇಲೆ. ಗೆಲ್ಲುವ ಮೊದಲಿನ ವರ್ಷಗಳು ಮನೆಯವರ ಲೆಕ್ಕಕ್ಕೇ ಬೀಳುತ್ತವೆ. ಅಷ್ಟು ವರ್ಷ ನಿಮ್ಮ ಕೈಲಿ ಆಗುತ್ತಾ? ಗಂಡ ಹೆಂಡತಿ ಕೂತು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಗಲ್ಲ ಅಂದರೆ ಆಗಲ್ಲ ಅಂತಲೇ ಹೇಳಿ. 'ನೀನು ಹುಡುಗಿ' ಅಂತ ಮಾತ್ರ ಹೇಳಬೇಡಿ. ದುಡ್ಡಿಲ್ಲ ಅನ್ನೋದನ್ನ ಮಕ್ಕಳು ಅರ್ಥ ಮಾಡ್ಕೋತಾರೆ.

ಅವಳು ಹಿಡಿದ ಅರ್ಧ ದಿನದ ಕೆಲಸ ಇದೆಯಲ್ಲ, ಅದನ್ನೂ ಮರೆಯಬೇಡಿ. ಓದು ಬಿಟ್ಟು ಆಟಕ್ಕೆ ಹೋಗಲಿ ಅಂತ ನಾನು ಯಾವ ತಾಯಿಗೂ ಹೇಳಲಾರೆ. ಈ ಆಟದಲ್ಲಿ ಬಹುಮಾನದ ದುಡ್ಡಿನಲ್ಲೇ ಬಾಳು ಸಾಗುತ್ತೆ ಅಂತ ನಂಬಿ ಕೂರೋಕಾಗಲ್ಲ.

ಇನ್ನು ಎರಡನೇ ಪ್ರಶ್ನೆ. ಇದನ್ನು ತೇಲಿಸಿ ಮಾತಾಡೋದು ಸರಿಯಲ್ಲ. ಆಸ್ಟ್ರೇಲಿಯಾದ ಸಾಯಾ ಸಕಾಕಿಬಾರಾ ಗೊತ್ತಾ? ಅವಳ ಅಣ್ಣ ಕಾಯ್ ಕೂಡ ರೇಸರ್. 2020ರ ಫೆಬ್ರವರಿಯಲ್ಲಿ ರೇಸಿನಲ್ಲಿ ಬಿದ್ದು ಮಿದುಳಿಗೆ ಭಾರಿ ಪೆಟ್ಟಾಯಿತು, ಅವನ ರೇಸಿಂಗ್ ಅಲ್ಲಿಗೇ ಮುಗಿಯಿತು. ಮುಂದಿನ ವರ್ಷ ಟೋಕಿಯೋ ಸೆಮಿಫೈನಲ್ಲಿನಲ್ಲಿ ತಂಗಿಯೂ ಬಿದ್ದಳು. ಆ ಮನೆಯ ತಾಯಿ ರಾತ್ರಿ ಹೇಗೆ ನಿದ್ದೆ ಮಾಡಿರಬೇಕು ಹೇಳಿ. ಆದರೂ ಸಾಯಾ ಬಿಡಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಳು, ಅಣ್ಣ ಅಲ್ಲೇ ಕೂತು ನೋಡುತ್ತಿದ್ದ. ಅವಳು ಗೆದ್ದಳು ಅಂತ ಅಪಾಯ ಇಲ್ಲ ಅಂತಲ್ಲ. ಅಪಾಯ ಇದೆ. ಅದು ಗಂಡು ಹುಡುಗನಿಗೂ ಅಷ್ಟೇ ಇದೆ.

ಅದೇ ಪ್ಯಾರಿಸ್ಸಿನಲ್ಲಿ ಬೆತ್ ಏನಾದಳು ಅಂತ ಕೇಳ್ತೀರಲ್ವಾ? ಒಲಿಂಪಿಕ್ಸಿಗೆ ಕೆಲವೇ ವಾರಗಳಿರುವಾಗ ಕಾಲರ್ ಬೋನ್ ಮುರಿದಿತ್ತು. ಆದರೂ ಬಂದಳು, ಫೈನಲ್ ತನಕ ಪ್ರತಿ ಸುತ್ತಿನಲ್ಲೂ ಮೊದಲಿಗಳು. ಫೈನಲ್ಲಿನಲ್ಲಿ ಎಂಟು ಜನರಲ್ಲಿ ಎಂಟನೆಯವಳು! ಇಂಥ ದಿನ ಮನೆಯವರು ಏನು ಮಾತಾಡಬೇಕು ಅನ್ನೋದನ್ನ ಮೊದಲೇ ಯೋಚಿಸಿಟ್ಟುಕೊಳ್ಳಿ. 'ಇಷ್ಟು ದುಡ್ಡು ಸುರಿದಿದ್ದಕ್ಕೆ ಇದಾ?' ಅನ್ನೋ ಮಾತು ಬಾಯಿಂದ ಬರಕೂಡದು. 2021, 2023ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಬೆತ್, ಪ್ಯಾರಿಸ್ ಆದ ಮರುವರ್ಷ, 2025ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮೂರನೇ ಸಲವೂ ಆ ಪಟ್ಟ ಗೆದ್ದಳು.

ಇಷ್ಟು ಓದಿದ ಮೇಲೂ ಮಗಳು ಹಟ ಬಿಡದಿದ್ದರೆ ಸೈಕಲ್ ಅಂಗಡಿಗೆ ಆಮೇಲೆ ಹೋಗಿ. ಮೊದಲು ಹೆಲ್ಮೆಟ್ ತನ್ನಿ, ಗದ್ದ ಸಮೇತ ಮುಖ ಪೂರ್ತಿ ಮುಚ್ಚುವಂಥದ್ದು. ಬೆಳೆಯೋ ಹುಡುಗಿ, ಮುಂದಿನ ವರ್ಷಕ್ಕೂ ಆಗಲಿ ಅಂತ ಒಂದು ಸೈಜ್ ದೊಡ್ಡದು ಮಾತ್ರ ತರಬೇಡಿ.