ಕೊಳಗ ಯಾರ ಕೈಯಲ್ಲಿದೆ?

ಡೆಲ್ಲಿ ನಮ್ಮ ಪಾಲು ನುಂಗಿತು ಅಂತ ಬೆಂಗಳೂರು ಕೂಗುತ್ತಿದೆ. ಕೂಗು ಸುಳ್ಳಲ್ಲ. ಆದರೆ ಕೂಗುವವರು 'ನಮ್ಮ' ಅಂದಾಗ ಆ ಮಾತಿನೊಳಗೆ ನಮ್ಮ ಕೇರಿ ಇದೆಯಾ? ಶಿಕಾರಿಪುರದ ಮೆಕ್ಕೆಜೋಳದ ಹೊಲದಲ್ಲಿ ಕಳೆ ತೆಗೆಯುವವಳು, ಸೊರಬದ ಗದ್ದೆಗೆ ನಾಟಿಗೆ ಹೋಗುವವಳು ಅದರಲ್ಲಿ ಇದ್ದಾಳಾ? ಇದನ್ನು ಕೇಳದೆ, ರಾಜ್ಯದ ಹಕ್ಕು ಅಂದ ಕೂಡಲೇ ಜೈಕಾರ ಹಾಕಿಕೊಂಡು ಹಿಂದೆ ಹೋಗಲು ನಾವು ಯಾರ ಮನೆಯ ಜೀತದಾಳುಗಳೂ ಅಲ್ಲ.

ಮೊದಲು ಡೆಲ್ಲಿಯ ಲೆಕ್ಕ ನೋಡೋಣ. ಮೇಷ್ಟ್ರುಗಳು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಹೇಳಿಕೊಡುವಷ್ಟು ಸರಳವಾದ ಲೆಕ್ಕ ಇದು. 2021ರ ಫೆಬ್ರವರಿ ಬಜೆಟ್ಟಿನ ನಂತರ ಒಂದು ಲೀಟರ್ ಡೀಸೆಲ್ ಮೇಲೆ ಕೇಂದ್ರದ ಸುಂಕ 31 ರೂಪಾಯಿ 80 ಪೈಸೆ ಇತ್ತು. ಅದರಲ್ಲಿ ರಸ್ತೆಯ ಹೆಸರಿನ ಸೆಸ್ಸು 18 ರೂಪಾಯಿ. ವಿಶೇಷ ಹೆಚ್ಚುವರಿ ಸುಂಕ 8 ರೂಪಾಯಿ. ಕೃಷಿ ಮೂಲಸೌಕರ್ಯದ ಹೆಸರಿನ ಸೆಸ್ಸು 4 ರೂಪಾಯಿ. ಮೂಲ ಸುಂಕ ಬರೀ 1 ರೂಪಾಯಿ 80 ಪೈಸೆ. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಈ ಕೊನೆಯ ಬಾಬ್ತು ಮಾತ್ರ. ಸೆಸ್ಸು, ಸರ್ಚಾರ್ಜುಗಳನ್ನು ಸಂವಿಧಾನದ 270ನೇ ವಿಧಿಯೇ ಹಂಚುವ ಗಂಟಿನಿಂದ ಹೊರಗೆ ಇಟ್ಟಿದೆ.

ಆ 1 ರೂಪಾಯಿ 80 ಪೈಸೆಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ನೂರಕ್ಕೆ 41ರಷ್ಟು, ಅಂದರೆ ಸುಮಾರು 74 ಪೈಸೆ. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಅದರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಪಾಲು ನೂರಕ್ಕೆ 3.647. ಭಾಗಿಸಿ ನೋಡಿ: 2.7 ಪೈಸೆ! ಟಿಲ್ಲರಿಗೆ ಹತ್ತು ಲೀಟರ್ ಹಾಕಿಸಿದವನಿಂದ ಡೆಲ್ಲಿ 318 ರೂಪಾಯಿ ಎತ್ತಿಕೊಂಡಿತು. ಕರ್ನಾಟಕಕ್ಕೆ ಹಂಚಿಕೆಯ ಪಾಲಾಗಿ ವಾಪಸು ಬಂದದ್ದು 27 ಪೈಸೆ. 2025ರ ಏಪ್ರಿಲ್‌ನಲ್ಲಿ ಮತ್ತೆ 2 ರೂಪಾಯಿ ಏರಿಸಿದರಲ್ಲ, ಅದೂ ವಿಶೇಷ ಸುಂಕವಾಗಿಯೇ ಏರಿತು. ಹಂಚಬೇಕಾದ ಕಡೆ ಒಂದು ಪೈಸೆಯೂ ಏರಲಿಲ್ಲ.

'ಆ ದುಡ್ಡನ್ನು ನಿಮ್ಮ ರಾಜ್ಯದ ರಸ್ತೆಗೇ ಹಾಕುತ್ತೇವಲ್ಲ' ಅನ್ನುತ್ತಾರೆ. ಹಾಕಲಿ. ಯಾವ ರಸ್ತೆ, ಎಲ್ಲಿಂದ ಎಲ್ಲಿಗೆ ಅಂತ ತೀರ್ಮಾನಿಸುವವನು ಯಾರು? ದುಡ್ಡಿಗಿಂತ ದೊಡ್ಡದು ಈ ಯಜಮಾನಿಕೆ.

ತೈಲದ ವಿಚಾರದಲ್ಲಿ ಈ ಯಜಮಾನಿಕೆಗೆ ಕಾನೂನಿನ ಕೋಟೆಯೇ ಇದೆ. ತೈಲ ಕೇಂದ್ರದ ಪಟ್ಟಿಯಲ್ಲಿ 53ನೇ ಬಾಬ್ತು. ಅದರ ಜೊತೆ 1948ರ ತೈಲಕ್ಷೇತ್ರಗಳ ಕಾಯಿದೆ. ಅಸ್ಸಾಮಿನಂಥ ಕಡೆ ನೆಲದ ಮೇಲೆ ಬಾವಿ ಕೊರೆದರೆ ರಾಜ್ಯಕ್ಕೆ ರಾಯಧನ ಸಿಗುತ್ತದೆ, ನಿಜ. ಆದರೆ ಆ ರಾಯಧನದ ದರ ಕಟ್ಟುವುದು ಕೇಂದ್ರ, ಕಂಪನಿಗಳ ಜೊತೆ ಒಪ್ಪಂದಕ್ಕೆ ರುಜು ಹಾಕುವುದೂ ಕೇಂದ್ರ. ಸಮುದ್ರದ ತಳದ್ದಂತೂ 297ನೇ ವಿಧಿಯಂತೆ ಪೂರ್ತಿ ಕೇಂದ್ರದ್ದೇ. ಗುಜರಾತು 2001ರಲ್ಲಿ ಗ್ಯಾಸಿನ ಮೇಲೆ ತನ್ನದೇ ಕಾಯಿದೆ ಮಾಡಿತು. 2004ರಲ್ಲಿ ಸುಪ್ರೀಂ ಕೋರ್ಟು, ಆ ಅಧಿಕಾರ ರಾಜ್ಯಕ್ಕೆ ಇಲ್ಲ ಅಂದುಬಿಟ್ಟಿತು. ನಮ್ಮಲ್ಲಿ ತೈಲದ ಬಾವಿ ಇಲ್ಲದಿರಬಹುದು. ಆದರೆ ದೇಶದ ಆಪತ್ಕಾಲಕ್ಕೆ ಅಂತ ಕಚ್ಚಾ ತೈಲ ತುಂಬಿಡಲು ಮಂಗಳೂರಿನಲ್ಲಿ 15 ಲಕ್ಷ ಟನ್ನಿನ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ನಿನ ಗುಹೆಗಳನ್ನು ಕೊರೆದಿದ್ದಾರೆ. ಹೊಟ್ಟೆ ಬಗೆಸಿಕೊಂಡದ್ದು ನಮ್ಮ ನೆಲ; ಬೀಗದ ಕೈ ಡೆಲ್ಲಿಯಲ್ಲಿ.

ಆದ್ದರಿಂದ 2024ರ ಫೆಬ್ರವರಿ 7ರಂದು ರಾಜ್ಯದ ಮಂತ್ರಿಮಂಡಲ ಜಂತರ್ ಮಂತರಿನಲ್ಲಿ ಕೂತು 'ನನ್ನ ತೆರಿಗೆ ನನ್ನ ಹಕ್ಕು' ಅಂದದ್ದು ನ್ಯಾಯವೇ. ಇಲ್ಲಿಯವರೆಗೆ ನಾವೂ ಅವರ ಜೊತೆ. ಇಲ್ಲಿಂದ ಮುಂದೆ ನಮ್ಮ ಪ್ರಶ್ನೆಗಳು ಶುರು.

ಸೊರಬದ ಪಕ್ಕದ ಸಾಗರ ತಾಲ್ಲೂಕಿನಲ್ಲಿ, ಕಾಗೋಡಿನಲ್ಲಿ, 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾಕೆ? ಗೇಣಿ ಭತ್ತ ಅಳೆಯುವ ಕೊಳಗ ಒಡೆಯನ ಕೈಯಲ್ಲಿ ಇತ್ತು, ಅಳತೆ ಮೋಸದ್ದಾಗಿತ್ತು. ಲೋಹಿಯಾ ಬಂದು ಬಂಧನಕ್ಕೊಳಗಾದರು, ದೇಶ ತಿರುಗಿ ನೋಡಿತು. ಆಮೇಲೆ 1974ರ ಭೂಸುಧಾರಣೆ ಬಂತು, ಗೇಣಿದಾರ ಹೊಲದೊಡೆಯನಾದ. ದೊಡ್ಡ ಗೆಲುವು ಅದು, ಯಾರೂ ಅಲ್ಲಗಳೆಯಬಾರದು. ಆದರೆ ಗೇಣಿ ಚೀಟಿಯೂ ಇಲ್ಲದೆ ಆ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ ಹೊಲೆಯನಿಗೆ, ಮಾದಿಗನಿಗೆ ಏನಾಯಿತು? ಒಡೆಯ ಬದಲಾದ, ಕೂಲಿ ಕೂಲಿಯಾಗಿಯೇ ಉಳಿದ. ಒಡೆಯನಿಗೂ ಗೇಣಿದಾರನಿಗೂ ನಡುವೆ ಅಳತೆ ಸರಿಹೋಯಿತು. ಕಣದ ಅಂಚಿನಲ್ಲಿ ನಿಂತವನಿಗೆ ಯಾವ ಕೊಳಗದಲ್ಲೂ ಅಳೆದು ಹಾಕಲಿಲ್ಲ.

ಇವತ್ತು ಡೆಲ್ಲಿ ಒಡೆಯ, ಬೆಂಗಳೂರು ಗೇಣಿದಾರ, ನಾವು ಅದೇ ಕೂಲಿ.

ಬೆಂಗಳೂರಿನ ಕೊಳಗವನ್ನೂ ನೋಡಿ. 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ನೂರಕ್ಕೆ 14.34 ಇದ್ದದ್ದು 18.44 ಆಯಿತು. 2025ರ ಏಪ್ರಿಲ್‌ನಲ್ಲಿ 21.17 ಆಯಿತು. ಇದು ಡೆಲ್ಲಿಯ ಜೊತೆ ಹಂಚಿಕೊಳ್ಳಬೇಕಾದ ದುಡ್ಡಲ್ಲ, ಪೂರ್ತಿ ರಾಜ್ಯದ್ದೇ. ಭೂಮಿ ಇಲ್ಲದವನಿಗೆ ಡೀಸೆಲ್ ಏನು ಸಂಬಂಧ ಅಂತೀರಾ? ಟಿಲ್ಲರಿನ ಬಾಡಿಗೆ ಏರಿದರೆ ಜಮೀನಿನವನು ಮೊದಲು ಕತ್ತರಿಸುವುದು ಕೂಲಿಯನ್ನು. ಆನವಟ್ಟಿ ಸಂತೆಗೆ, ಶಿರಾಳಕೊಪ್ಪದ ಸಂತೆಗೆ ಬರುವ ಉಪ್ಪು, ಬೇಳೆ, ಈರುಳ್ಳಿ ಲಾರಿಯಲ್ಲೇ ಬರುತ್ತದೆ. ಪಂಪಿನ ಹತ್ತಿರವೇ ಸುಳಿಯದವಳೂ ಆ ತೆರಿಗೆಯನ್ನು ಸೆರಗಿನ ಗಂಟು ಬಿಚ್ಚಿ ಕಟ್ಟುತ್ತಾಳೆ.

ಕಟ್ಟಿದ್ದಕ್ಕೆ ಪ್ರತಿಯಾಗಿ ಏನು ಬಂತು? 2013ರಲ್ಲಿ ಕರ್ನಾಟಕ ಒಂದು ಒಳ್ಳೆಯ ಕಾಯಿದೆ ಮಾಡಿತು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ, ಅಂದರೆ ನೂರಕ್ಕೆ 24.1ರಷ್ಟು, ಅಭಿವೃದ್ಧಿಯ ಹಣವನ್ನು ಪರಿಶಿಷ್ಟ ಜಾತಿ, ಬುಡಕಟ್ಟುಗಳ ಉಪಯೋಜನೆಗೆ ತೆಗೆದಿಡಬೇಕು ಅಂತ. ಅದೇ ಕಾಯಿದೆಯಲ್ಲಿ 7ಡಿ ಅಂತ ಒಂದು ಕಿಂಡಿಯನ್ನೂ ಬಿಟ್ಟರು. ಎಲ್ಲರಿಗೂ ಮಾಡುವ ರಸ್ತೆ, ಸೇತುವೆಯ ಖರ್ಚನ್ನೂ ನಮ್ಮ ಹೆಸರಿಗೆ ಬರೆಯುವ ಕಿಂಡಿ ಅದು. ಹೋರಾಟ ಮಾಡಿ 2023ರಲ್ಲಿ ಅದನ್ನು ಮುಚ್ಚಿಸಿದೆವು. ಅದೇ 2023-24ರ ಸಾಲಿನಲ್ಲಿ ಉಪಯೋಜನೆಯ ಸುಮಾರು 34 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿಗಳಿಗೆ ಹೋಯಿತು! ಕೇಳಿದರೆ, 'ಫಲಾನುಭವಿಗಳಲ್ಲಿ ನಿಮ್ಮವರೂ ಇದ್ದಾರಲ್ಲ' ಅನ್ನುತ್ತಾರೆ. ಇದ್ದಾರೆ ಸ್ವಾಮಿ, ಈ ನಾಡಿನ ಪ್ರಜೆಗಳಾಗಿ ಇದ್ದಾರೆ. ಎಲ್ಲರಿಗೂ ಕೊಡುವ ಅಕ್ಕಿಯನ್ನು ನಮಗೂ ಕೊಟ್ಟು, ಅದರ ಬೆಲೆಯನ್ನು ನಮ್ಮ ಕೊಳವೆಬಾವಿ, ಹಾಸ್ಟೆಲ್ಲು, ಭೂಮಿಯ ಲೆಕ್ಕದಿಂದ ಮುರಿದುಕೊಳ್ಳುವುದು ಯಾವ ನ್ಯಾಯ? ಸೆಸ್ಸಿನ ಹೆಸರಲ್ಲಿ ಡೆಲ್ಲಿ ಬೆಂಗಳೂರಿಗೆ ಮಾಡಿದ್ದನ್ನೇ ಬೆಂಗಳೂರು ನಮ್ಮ ಕೇರಿಗೆ ಮಾಡಿತು.

'ಡೆಲ್ಲಿಯ ವಿರುದ್ಧ ಹೋರಾಡುವಾಗ ಮನೆಯೊಳಗೆ ಜಗಳ ತೆಗೆಯಬೇಡಿ' ಅನ್ನುವ ಗೆಳೆಯರಿದ್ದಾರೆ. ಅವರು ಇರಾಕಿನ ಕಡೆ ಒಮ್ಮೆ ನೋಡಲಿ. ಅಲ್ಲಿನ ಕುರ್ದಿಸ್ತಾನ 2007ರಲ್ಲಿ ತನ್ನದೇ ತೈಲ ಕಾಯಿದೆ ಮಾಡಿ ವಿದೇಶಿ ಕಂಪನಿಗಳ ಜೊತೆ ತಾನೇ ಒಪ್ಪಂದ ಮಾಡಿಕೊಂಡಿತು. 2022ರಲ್ಲಿ ಬಾಗ್ದಾದಿನ ಕೋರ್ಟು ಆ ಕಾಯಿದೆಯನ್ನು ರದ್ದು ಮಾಡಿತು. 2023ರ ಮಾರ್ಚಿಯಲ್ಲಿ ಟರ್ಕಿಗೆ ಹೋಗುವ ಕೊಳವೆಯೇ ನಿಂತಿತು. ಸುಲೈಮಾನಿಯಾದ ಮೇಷ್ಟ್ರುಗಳು ಸಂಬಳಕ್ಕಾಗಿ ಶಾಲೆ ಬಿಟ್ಟು ಬೀದಿಗೆ ಬಂದರು. ಅವರ ಸಿಟ್ಟು ಬಾಗ್ದಾದಿನ ಮೇಲೆ ಮಾತ್ರ ಇರಲಿಲ್ಲ, ತಮ್ಮದೇ ಸರ್ಕಾರದ ಮೇಲೂ ಇತ್ತು. ಒಪ್ಪಂದದ ಅಧಿಕಾರ ರಾಜಧಾನಿಯಿಂದ ಪ್ರಾಂತಕ್ಕೆ ಬಂದ ಮಾತ್ರಕ್ಕೆ ಅದು ಜನರ ಕೈಗೆ ಬಂದಂತಲ್ಲ.

ಈ ಎರಡು ತಾಲ್ಲೂಕು ನಾಡಿಗೆ ಬಂಗಾರಪ್ಪ, ಯಡಿಯೂರಪ್ಪ ಅಂತ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ನಮ್ಮೂರಿನವರು ಕುರ್ಚಿಯಲ್ಲಿ ಕೂತರೆ ಸಾಕು ಅನ್ನುವ ಭ್ರಮೆ ನಮಗಂತೂ ಉಳಿದಿಲ್ಲ. ಶಿಕಾರಿಪುರದ ಬಳ್ಳಿಗಾವಿಗೆ ಹೋಗಿ ನೋಡಿ. ಯಾವ ಸುಂಕವನ್ನು ಯಾವ ದೇವಸ್ಥಾನಕ್ಕೆ ಬಿಟ್ಟುಕೊಟ್ಟರು ಅಂತ ಕಲ್ಲಿನಲ್ಲಿ ಕೆತ್ತಿದ್ದಾರೆ. ಆ ಸುಂಕ ಕಟ್ಟಿದ ಹೇರಿನವನ ಬೆವರನ್ನು ಯಾವ ಕಲ್ಲೂ ಹೇಳುವುದಿಲ್ಲ.

ಹಾಗಾದರೆ ನಮ್ಮ ಬೇಡಿಕೆ ಏನು? ತೈಲದ ಮೇಲಿನ ಸೆಸ್ಸು, ಸರ್ಚಾರ್ಜುಗಳು ಹಂಚುವ ಗಂಟಿಗೆ ಸೇರಬೇಕು. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾದರೆ ಆಗಲಿ. ರಾಜ್ಯದ ನೆಲದಲ್ಲಿ ತೈಲ ತೆಗೆಯುವ, ತುಂಬಿಡುವ ಒಪ್ಪಂದಕ್ಕೆ ರಾಜ್ಯದ ರುಜುವೂ, ಭೂಮಿ ಕಳೆದುಕೊಳ್ಳುವ ಹಳ್ಳಿಯ ಗ್ರಾಮಸಭೆಯ ಒಪ್ಪಿಗೆಯೂ ಬೇಕು. ರಾಜ್ಯದ ಡೀಸೆಲ್ ತೆರಿಗೆಯಲ್ಲಿ ಗ್ರಾಮ ಪಂಚಾಯ್ತಿಗೆ ಗೊತ್ತಾದ ಪಾಲು ಬರಬೇಕು. ಉಪಯೋಜನೆಯ ಹಣ ಬೇರೆ ಬಾಬ್ತಿಗೆ ಹೋಗಕೂಡದು, ಹೋದದ್ದು ವಾಪಸು ಬರಬೇಕು.

ಇದನ್ನು ಬೆಂಗಳೂರು ಒಪ್ಪಿದರೆ, ಡೆಲ್ಲಿಯ ಮುಂದೆ ಅದರ ಜೊತೆ ಹೋಗಿ ನಿಲ್ಲಲು ನಮ್ಮ ಕೇರಿಗಳು ತಯಾರಿವೆ. ಒಪ್ಪದಿದ್ದರೆ 'ನನ್ನ ತೆರಿಗೆ ನನ್ನ ಹಕ್ಕು' ಅನ್ನುವ ಅದೇ ಮಾತನ್ನು ವಿಧಾನಸೌಧದ ಕಡೆ ತಿರುಗಿ ಕೂಗುತ್ತೇವೆ. ಮುಂದಿನ ಗ್ರಾಮಸಭೆಯಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಎದ್ದು ನಿಂತು ಇಷ್ಟು ಕೇಳಲಿ: ಉಪಯೋಜನೆಯಿಂದ ಈ ವರ್ಷ ನಮ್ಮ ಕೇರಿಗೆ ಎಷ್ಟು ಬಂತು? ಅಳೆದವರು ಯಾರು?