ವಿಡಿಯೊ ಕಾಯಕಕ್ಕೆ ಕದ್ದ ಸಲಕರಣೆ ಬೇಕೆ?



ನಮ್ಮೂರಿನ ತಿಂಗಳ ಅನುಭಾವ ಗೋಷ್ಠಿಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಬೇಡದ್ದನ್ನು ತೆಗೆದು, ಬರಲಾಗದವರಿಗೆ ಯೂಟ್ಯೂಬ್ ಮೂಲಕ ತಲುಪಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನಾನು ನಿವೃತ್ತ ಶಾಲಾ ಶಿಕ್ಷಕ. ಕಂಪ್ಯೂಟರ್ ಮುಟ್ಟಿದ್ದೇ ಐವತ್ತು ದಾಟಿದ ಮೇಲೆ. ಈಗ ಬೇರೆ ಊರುಗಳ ಯುವಕರು, ಅಕ್ಕನ ಬಳಗದ ತಾಯಂದಿರು ಫೋನ್ ಮಾಡಿ ಕೇಳುತ್ತಾರೆ: “ಸರ್, ಹೊಸಬರಿಗೆ ಯಾವ ಎಡಿಟಿಂಗ್ ಸಾಫ್ಟ್‌ವೇರ್ ಒಳ್ಳೇದು?” ಅದರ ಬೆನ್ನಿಗೇ ಇನ್ನೊಂದು ಮಾತು: “ದೊಡ್ಡ ಸಾಫ್ಟ್‌ವೇರನ್ನೇ ಅಂಗಡಿಯವರು ಇನ್ನೂರು ರೂಪಾಯಿಗೆ ಹಾಕಿಕೊಡ್ತಾರಂತೆ, ಹಾಕಿಸಿಬಿಡ್ಲಾ?”

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಬೇಡ.

ಈ ಮಾತು ಹೇಳುವ ಹಕ್ಕು ನನಗೆ ಬಂದದ್ದು ತಪ್ಪು ಮಾಡಿ. ಚಂದಾ ಕಟ್ಟಿ ಬಳಸಬೇಕಾದ ದುಬಾರಿ ಸಾಫ್ಟ್‌ವೇರೊಂದರ ಬೀಗ ಮುರಿದ ಪ್ರತಿಯನ್ನು ನಾನೂ ಹಾಕಿಸಿಕೊಂಡಿದ್ದೆ. ಹಾಕುವಾಗ ಅಂಗಡಿಯ ಹುಡುಗ ಆಂಟಿವೈರಸ್ ಬಂದ್ ಮಾಡಿದ. ಏಕೆ ಎಂದು ನಾನು ಕೇಳಲಿಲ್ಲ. ‘ಒಳ್ಳೆಯ ಕೆಲಸಕ್ಕೆ ತಾನೆ’ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕೆಲವು ತಿಂಗಳು ಎಲ್ಲವೂ ಸರಿಯಿತ್ತು. ಒಂದು ಬೆಳಿಗ್ಗೆ ನೋಡಿದರೆ ಯಾವ ಫೈಲೂ ತೆರೆಯಲಿಲ್ಲ. ಪರದೆಯ ಮೇಲೆ ಹಣ ಕೇಳುವ ಒಂದು ಒಕ್ಕಣೆ ಮಾತ್ರ ಇತ್ತು. ಎರಡು ವರ್ಷದ ಚಿತ್ರೀಕರಣ ಹೋಯಿತು. ಓದು ಬರಹ ಬಾರದ, ತಾಯಿಯ ಬಾಯಿಂದಲೇ ವಚನ ಕಲಿತಿದ್ದ ನಮ್ಮೂರ ಅಜ್ಜಿಯೊಬ್ಬರು ನಲವತ್ತು ನಿಮಿಷ ಮಾತನಾಡಿದ್ದೂ ಅದರಲ್ಲಿತ್ತು. ಅಷ್ಟರಲ್ಲಿ ಅವರು ಲಿಂಗೈಕ್ಯರಾಗಿದ್ದರು. ಅಜ್ಜಿಯ ದನಿ ಬೇಕೆಂದು ಮೊಮ್ಮಕ್ಕಳು ಕೇಳಿಕೊಂಡು ಬಂದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಷ್ಟ ಆಗದಿದ್ದರೂ ಅದು ತಪ್ಪೇ. ಕಾಯಕ ಸತ್ಯಶುದ್ಧವಾಗಿರಬೇಕೆಂದು ವೇದಿಕೆಯಲ್ಲಿ ಹೇಳಿ, ಆ ಮಾತನ್ನೇ ಕದ್ದ ಸಲಕರಣೆಯಿಂದ ಕತ್ತರಿಸಿ ಹಂಚುವುದು ನಮಗೆ ಒಪ್ಪುವುದಿಲ್ಲ. ‘ಅಷ್ಟು ದೊಡ್ಡ ಕಂಪನಿಗೆ ನಮ್ಮಿಂದೇನು ನಷ್ಟ, ಬಡವರು ಎಲ್ಲಿಂದ ಚಂದಾ ಕಟ್ಟಬೇಕು’ ಎನ್ನುವವರಿದ್ದಾರೆ. ಕಟ್ಟಬೇಕಾಗಿಯೇ ಇಲ್ಲ. ಪ್ರಾಮಾಣಿಕವಾಗಿ ಪುಕ್ಕಟೆ ಸಿಗುವ ಸಾಫ್ಟ್‌ವೇರುಗಳು ನಮ್ಮ ಅಗತ್ಯಕ್ಕೆ ಸಾಕು.

ನಮ್ಮ ಅಗತ್ಯವಾದರೂ ಎಷ್ಟು? ಮೊದಲು ಕೊನೆ ಕತ್ತರಿಸಬೇಕು, ಮೈಕ್ ಸರಿಪಡಿಸುವ ಹೊತ್ತನ್ನು ತೆಗೆಯಬೇಕು, ದನಿ ಏರಿಸಬೇಕು, ಮಾತನಾಡಿದವರ ಹೆಸರು ಬರೆಯಬೇಕು. ಇಷ್ಟಕ್ಕೆ ನಾನು ಹೊಸಬರಿಗೆ ಹೇಳುವುದು ಶಾಟ್‌ಕಟ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಖಾತೆ ತೆರೆಯಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ, ವಿಡಿಯೊದ ಮೂಲೆಯಲ್ಲಿ ಅದು ತನ್ನ ಮುದ್ರೆ ಒತ್ತುವುದಿಲ್ಲ. ಬೇಕಾದಲ್ಲಿ ನಿಲ್ಲಿಸಿ ‘ಎಸ್’ ಕೀಲಿ ಒತ್ತಿದರೆ ತುಂಡಾಗುತ್ತದೆ. ಬೇಡದ ತುಂಡನ್ನು ಆರಿಸಿ ‘ಎಕ್ಸ್’ ಒತ್ತಿದರೆ ಅದು ಹೋಗಿ ಮುಂದಿನದು ತಾನೇ ಬಂದು ಕೂಡಿಕೊಳ್ಳುತ್ತದೆ. ಈ ಎರಡು ಕೀಲಿ ಬಂದರೆ ಅರ್ಧ ಕೆಲಸ ಬಂದಂತೆ. ಹಳೆಯ ಕಂಪ್ಯೂಟರ್ ತಡವರಿಸಿದರೆ ‘ಪ್ರಾಕ್ಸಿ’ ಎಂಬ ಸೌಲಭ್ಯವಿದೆ: ಕೆಲಸ ಮಾಡುವಾಗ ಹಗುರವಾದ ನಕಲು ಬಳಸಿ, ಕೊನೆಯಲ್ಲಿ ಮೂಲದಿಂದಲೇ ವಿಡಿಯೊ ಸಿದ್ಧಪಡಿಸುತ್ತದೆ.

ಇದೊಂದೇ ಎಂದಲ್ಲ. ಓಪನ್‌ಶಾಟ್, ಕೆಡೆನ್‌ಲೈವ್ ಕೂಡ ಇದೇ ಬಗೆಯವು. ವಿಂಡೋಸ್ 11ರ ಜೊತೆ ಬರುವ ಕ್ಲಿಪ್‌ಚಾಂಪ್ ಇನ್ನೂ ಸರಳ, ಆದರೆ ಅದಕ್ಕೆ ಖಾತೆ ಬೇಕು. ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಬಲು ಸಮರ್ಥವಾದದ್ದು; ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಡುತ್ತದೆ, ಕಲಿಯಲು ತಾಳ್ಮೆಯೂ ಬೇಕು. ಅದನ್ನು ಎರಡನೆಯ ಮೆಟ್ಟಿಲಾಗಿ ಇಟ್ಟುಕೊಳ್ಳಿ. ಮೊಬೈಲಿನಲ್ಲೇ ಎಡಿಟ್ ಮಾಡುವವರು ಒಂದನ್ನು ನೆನಪಿಡಿ: 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ವೀವಾವಿಡಿಯೊ ಎಂಬ ಎಡಿಟಿಂಗ್ ಆ್ಯಪ್ ಕೂಡ ಇತ್ತು. ಯಾವುದೇ ಆ್ಯಪ್ ನಾಳೆ ಇಲ್ಲದಿರಬಹುದು. ಮೂಲ ವಿಡಿಯೊ ನಮ್ಮ ಕೈಯಲ್ಲಿರಬೇಕು.

ಯಾವುದನ್ನೇ ಆರಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ‘ಸ್ವಾತಂತ್ರ್ಯ’ ಎಂದು ಯೂನಿಕೋಡ್‌ನಲ್ಲಿ ಬರೆದು ನೋಡಿ. ಒತ್ತಕ್ಷರಗಳು ಒಡೆಯದೆ ಕೂಡಿ ಬಂದರೆ ಅದು ಕನ್ನಡಕ್ಕೆ ಆಗುತ್ತದೆ. ಒಡೆದರೆ ಬೇರೆ ಅಕ್ಷರ ವಿನ್ಯಾಸ ಹಾಕಿ ನೋಡಿ. ಆಗಲೂ ಒಡೆದರೆ ಆ ಸಾಫ್ಟ್‌ವೇರ್ ಬಿಟ್ಟುಬಿಡಿ. ಶರಣರ ಹೆಸರನ್ನು ತಪ್ಪಾಗಿ ತೋರಿಸುವ ಅಂದದ ವಿಡಿಯೊಗಿಂತ ಸರಿಯಾಗಿ ತೋರಿಸುವ ಸಾದಾ ವಿಡಿಯೊ ಮೇಲು.

ನಾನು ನಷ್ಟಪಟ್ಟು ಕಲಿತದ್ದನ್ನೂ ಹೇಳಬೇಕು. ಎಡಿಟಿಂಗ್ ಸಾಫ್ಟ್‌ವೇರ್ ಉಳಿಸುವ ಪ್ರಾಜೆಕ್ಟ್ ಫೈಲಿನಲ್ಲಿ ಸಾಮಾನ್ಯವಾಗಿ ವಿಡಿಯೊ ಇರುವುದಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಕೂಡಿಸಬೇಕು ಎಂಬ ಸೂಚನೆಗಳಷ್ಟೇ ಇರುತ್ತವೆ. ಅದನ್ನು ನಂಬಿ ಮೂಲವನ್ನು ಅಳಿಸಬೇಡಿ. ಮೂಲದ ಎರಡು ಪ್ರತಿ ಮಾಡಿ. ಒಂದನ್ನು ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಬೇರೊಬ್ಬರ ಮನೆಯಲ್ಲಿಡಿ. ಅಂದು ನಾನು ಇಷ್ಟು ಮಾಡಿದ್ದರೆ ಆ ಅಜ್ಜಿಯ ದನಿ ಉಳಿಯುತ್ತಿತ್ತು.

ಶಾಟ್‌ಕಟ್‌ನಂಥ ಸಾಫ್ಟ್‌ವೇರನ್ನು ಬರೆದವರು ಅದರ ಒಳಗುಟ್ಟನ್ನೂ ಬಚ್ಚಿಡದೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ದಾಸೋಹವೆಂದರೆ ಏನೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಲಾದಾಗ ಅವರಿಗೆ ನಾಲ್ಕು ಕಾಸು ಕಳಿಸುವುದೂ ನಮ್ಮ ಧರ್ಮ.

ಮಠಗಳ ಪೂಜ್ಯರಲ್ಲಿ, ಸಂಘಟನೆಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಬೀಗ ಮುರಿದ ಸಾಫ್ಟ್‌ವೇರ್ ಇದೆಯೇ ಎಂದು ಈ ವಾರವೇ ನೋಡಿಸಿ, ಇದ್ದರೆ ತೆಗೆಸಿ. ಒಂದು ಭಾನುವಾರ ಊರಿನ ನಾಲ್ಕು ಮಕ್ಕಳನ್ನು ಕೂರಿಸಿ ಇದನ್ನು ಕಲಿಸಿ. ನಮ್ಮ ನಡುವೆ ಇನ್ನೂ ಎಷ್ಟೋ ಹಿರಿಯ ಜೀವಗಳಿವೆ. ಅವರ ಮಾತನ್ನು ಉಳಿಸುವ ಕೆಲಸ ಶುದ್ಧ ಕೈಯಿಂದ ಆಗಲಿ, ತಡವಾಗುವ ಮುನ್ನ ಆಗಲಿ.